ತರಾಸಿ ಕಟ್ಟಿದ ತೆಪ್ಪಗಳು

ಪಂಕಾಲೋಳ ಕೈಯಿಂದ ರಾಳದ ವಾಸನೆ ಹೋಗುತ್ತಲೇ ಇರಲಿಲ್ಲ. ಹಬ್ಬದ ಮುನ್ನಾದಿನ ಬೂದಿ ಹಾಕಿ ಎಷ್ಟು ತಿಕ್ಕಿದರೂ ಅಷ್ಟೇ. ಇಗರ್ಜಿಯಲ್ಲಿ ಪಕ್ಕ ನಿಂತ ಹೆಂಗಸರು ಮೂಗು ಮುರಿದರೆ, "ನಿಮ್ಮ ಗಂಡಂದಿರು ಮುಳುಗದೆ ಮನೆಗೆ ಬರ್ತಿರೋದು ಈ ವಾಸನೆಯಿಂದಲೇ ಕಣ್ರೇ" ಅನ್ನುತ್ತಿದ್ದಳು. ಮಾತು ಸುಳ್ಳಲ್ಲ. ಪುಸ್ಗೂಸಿ ಸರೋವರದ ನಡುವಿನ ಆ ದ್ವೀಪದಲ್ಲಿದ್ದ ನಲವತ್ತು ದೋಣಿಗಳ ಹಲಗೆ ಸಂದಿಗೆಲ್ಲ ನಾರು ತುರುಕಿ, ಮೇಲೆ ಕಾಯಿಸಿದ ರಾಳ ಬಳಿಯುತ್ತಿದ್ದವಳು ಅವಳೇ. ದೋಣಿ ಕಟ್ಟುವವನು ಅವಳ ಗಂಡ ತರಾಸಿ. ಅವನು ಎಡಚ, ಮಾತು ಕಡಿಮೆ. ಒಂದು ಹಲಗೆ ಸರಿಯಾಗಿ ಕೂಡಲಿಲ್ಲವೆಂದರೆ ಊಟ ಬಿಟ್ಟು ಅದರ ಮುಂದೆಯೇ ಕೂತಿರುವ ಜಾತಿಯವನು. ಅವರಿಗೆ ಒಬ್ಬಳೇ ಮಗಳು, ಅರ್ಗೀರಿ. ಅವಳಿಗೆ ಹದಿನೇಳು ವರ್ಷ. ಅಪ್ಪ ಆಡದ ಮಾತುಗಳನ್ನೆಲ್ಲ ಅವಳೇ ಆಡಿ ಮುಗಿಸುತ್ತಿದ್ದಳು.

ಆಚೆ ದಡದ ತುರ್ಕರು ದ್ವೀಪದವರಿಗೆ ಹೊಸಬರಲ್ಲ. ಪಂಕಾಲೋಳ ಅಜ್ಜಿಯ ಕಾಲಕ್ಕೆ ಬಂದು ನೆಲೆಸಿದವರು. ಮೊದಮೊದಲು ಅವರ ಕುದುರೆಗಳು ಕಂಡರೆ ದೋಣಿ ಎಳೆದುಕೊಂಡು ಕೋಟೆಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಆಮೇಲೆ ಇವರಿಗೆ ಉಪ್ಪು ಬೇಕಾಯಿತು, ಉಣ್ಣೆ ಬೇಕಾಯಿತು. ಅವರಿಗೆ ಮೀನು ಬೇಕಾಯಿತು, ದೋಣಿ ಬೇಕಾಯಿತು. ಹಾಗೇ ಅರವತ್ತು ವರ್ಷ ಕಳೆದುಹೋಯಿತು. ಯಾಗ್ಮುರ್ ಎಂಬ ತುರ್ಕ ಕುರಿಗಾರ ವರ್ಷಕ್ಕೆ ಎರಡು ಸಲ ತರಾಸಿಯ ಮನೆಯಲ್ಲಿ ಉಣ್ಣುತ್ತಿದ್ದ. ತೋಳದ ಕಾಟವಿಲ್ಲದ ಪುಟ್ಟ ನಡುಗಡ್ಡೆಗಳಿಗೆ ಅವನ ಕುರಿಗಳನ್ನು ಮೇಯಲು ಸಾಗಿಸಬೇಕಿತ್ತು. ಅದಕ್ಕೆಂದೇ ತರಾಸಿ ಮೂರು ದೋಣಿಗಳನ್ನು ಪಕ್ಕಪಕ್ಕ ಬಿಗಿದು, ಮೇಲೆ ಹಲಗೆ ಹಾಸಿ, ಸುತ್ತ ಬೇಲಿ ಕಟ್ಟಿ ಒಂದು ಅಗಲವಾದ ತೆಪ್ಪ ಮಾಡಿಕೊಟ್ಟಿದ್ದ. ಅಂಥದ್ದನ್ನು ಆ ನೀರಿನ ಮೇಲೆ ಯಾರೂ ಕಂಡಿರಲಿಲ್ಲ. ಎಲ್ಲರೂ ಅದನ್ನು ಕುರಿತೆಪ್ಪ ಎನ್ನುತ್ತಿದ್ದರು.

ಆ ವರ್ಷ ವಸಂತದಲ್ಲಿ ತರಾಸಿ ಒಣಮೀನು ಹೇರಿಕೊಂಡು ತುರ್ಕರ ರಾಜಧಾನಿ ಇಕೋನಿಯಕ್ಕೆ ಹೋದ. ಬರುವಾಗ ರಾಳ ತರುವುದಿತ್ತು. ಎರಡು ದಿನದ ದಾರಿ. ಅವನು ಹೋದ ಐದನೆಯ ದಿನ ಬೆಳಿಗ್ಗೆ ಪಡುವಣ ದಡದ ತುಂಬ ಡೇರೆಗಳು ಎದ್ದವು. ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯ ದಂಡು ಬಂದಿತ್ತು.

ಮಧ್ಯಾಹ್ನಕ್ಕೆ ಒಬ್ಬ ಅಧಿಕಾರಿ ದೋಣಿಯಲ್ಲಿ ಬಂದ. ಇಳಿಯಲಿಲ್ಲ, ದೋಣಿಯಲ್ಲೇ ನಿಂತು ಮಾತಾಡಿದ.

"ಈ ನೀರು, ಈ ದ್ವೀಪ ಹಿಂದಿನಿಂದಲೂ ಚಕ್ರವರ್ತಿಗಳದ್ದು. ತುರ್ಕರ ಸಹವಾಸ ಬಿಟ್ಟು ಕೋಟೆಯಲ್ಲಿ ನಮ್ಮ ಕಾವಲು ಇರಿಸಿಕೊಳ್ಳಿ. ಆಗಲ್ಲ ಅಂದ್ರೆ ದ್ವೀಪ ಖಾಲಿ ಮಾಡಿ, ಅವರ ಹತ್ರಾನೇ ಹೋಗಿ ಇರಿ."

ಊರಿನ ಪರವಾಗಿ ಬರ್ದಾಸ್ ಮುಂದೆ ಬಂದ. ಎಪ್ಪತ್ತರ ಮುದುಕ, ಬೆಳೆದ ಇಬ್ಬರು ಗಂಡುಮಕ್ಕಳ ತಂದೆ, ಸರೋವರದಲ್ಲಿ ಎಲ್ಲರಿಗಿಂತ ಉದ್ದದ ಬಲೆಯ ಒಡೆಯ.

"ನಮ್ಮಪ್ಪ, ಅಜ್ಜ ಕೂಗಿಕೊಂಡಾಗ ನಿಮ್ಮ ಚಕ್ರವರ್ತಿಗಳು ಎಲ್ಲಿದ್ರಪ್ಪ? ಅರವತ್ತು ವರ್ಷ ಆದ್ಮೇಲೆ ನೆನಪಾದ್ವಾ?"

"ನೀವು ಶಿಲುಬೆಗೆ ಕೈಮುಗಿಯೋ ಜನ ಅಲ್ವೇನಯ್ಯ?"

"ಮುಗೀತೀವಿ. ಆಚೆ ದಡದೋರು ಇವತ್ತಿನವರೆಗೂ ಬೇಡ ಅಂದಿಲ್ಲ. ಕಾವಲಿನೋರು ಬಂದ್ರೆ ಅವರಿಗೆ ಅನ್ನ ಹಾಕೋರು ಯಾರು? ನೀವು ನಾಳೆ ಹೊರಟುಹೋಗ್ತೀರಿ. ತುರ್ಕರು ನಾಡಿದ್ದು ಬಂದು ನಮ್ಮನ್ನ ಕೇಳ್ತಾರೆ."

ಜನ ಹೋ ಎಂದು ಕೂಗಿದರು. ಪಂಕಾಲೋಗೆ ಆ ಮಾತು ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ. ಗಂಡ ಆಚೆ ದಡದಲ್ಲಿದ್ದಾನೆ ಎನ್ನುವುದೊಂದೇ ತಲೆಯಲ್ಲಿ. ಅಧಿಕಾರಿ ದೋಣಿ ತಿರುಗಿಸುವಷ್ಟರಲ್ಲಿ ಮೊಣಕಾಲುದ್ದ ನೀರಿಗಿಳಿದು ಅಂಗಲಾಚಿದಳು.

"ಸ್ವಾಮಿ, ನನ್ನ ಯಜಮಾನ ಇಕೋನಿಯದ ದಾರೀಲಿ ಬರ್ತಿರ್ತಾನೆ. ಎಡಚ. ಜೊತೇಲಿ ಎರಡು ಹೇಸರಗತ್ತೆ ಇರ್ತವೆ. ನಿಮ್ಮೋರಿಗೆ ಹೇಳಿ ಸ್ವಾಮಿ, ಅವನು ಯಾರಿಗೂ ಕೇಡು ಬಯಸೋನಲ್ಲ, ದೋಣಿ ಕಟ್ಟೋನು ಅಷ್ಟೇ."

ಅಲ್ಲಿಯವರೆಗೆ ಯಾರ ಮುಖವನ್ನೂ ಸರಿಯಾಗಿ ನೋಡದಿದ್ದ ಅಧಿಕಾರಿ ತಿರುಗಿ ಅವಳನ್ನು ನೋಡಿದ.

"ದೋಣಿ ಕಟ್ಟುವವನಾ?"

"ಹೌದು ಸ್ವಾಮಿ."

"ಸರಿಯಮ್ಮ. ಹೇಳ್ತೀನಿ."

ಅಷ್ಟು ಮರ್ಯಾದೆಯಿಂದ ಹೇಳಿದನಲ್ಲ ಎಂದು ಪಂಕಾಲೋಗೆ ಆ ರಾತ್ರಿ ಸ್ವಲ್ಪ ಸಮಾಧಾನವಾಯಿತು.

ಮುಂದಿನ ದಿನಗಳಲ್ಲಿ ದಡದ ಪೈನ್ ಮರಗಳು ಉರುಳುತ್ತಲೇ ಇದ್ದವು. ಕೊಡಲಿಯ ಸದ್ದು ನೀರಿನ ಮೇಲೆ ಹಾಯ್ದು ಬರುತ್ತಿತ್ತು. ದಡದಲ್ಲಿ ಸಿಕ್ಕ ಬೆಸ್ತರ ದೋಣಿಗಳನ್ನೆಲ್ಲ ಒಂದೆಡೆ ಎಳೆದು ಹಾಕುವುದು ಕೋಟೆಗೋಡೆಯಿಂದ ಕಾಣುತ್ತಿತ್ತು. "ನೂರು ಜನ ಒಟ್ಟಿಗೆ ದೋಣೀಲಿ ನಿಂತು ಹೋರಾಡೋಕೆ ಆಗುತ್ತಾ? ಮಗುಚಿ ಬೀಳ್ತಾರೆ" ಎಂದು ಗಂಡಸರು ನಗುತ್ತಿದ್ದರು.

ಹನ್ನೆರಡನೆಯ ದಿನ ತೆಪ್ಪಗಳು ನೀರಿಗಿಳಿದವು. ಒಟ್ಟು ಏಳು. ಒಂದೊಂದರಲ್ಲೂ ಪಕ್ಕಪಕ್ಕ ಬಿಗಿದ ದೋಣಿಗಳು, ಮೇಲೆ ಹಾಸಿದ ಹಲಗೆ, ಸುತ್ತ ತಡಿಕೆಯ ಬೇಲಿ, ನಡುವೆ ಕುರಿಗಳ ಬದಲು ಕಲ್ಲೆಸೆಯುವ ಕವಣೆಯಂತ್ರ. ಗೋಡೆಯ ಮೇಲಿದ್ದವರ ನಗು ನಿಂತಿತು. ಯಾರೂ ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ.

"ಅಮ್ಮಾ," ಅರ್ಗೀರಿ ತಾಯಿಯ ತೋಳು ಹಿಡಿದಳು. "ಅಪ್ಪ ಬದುಕಿದಾನೆ."

ಹಿಂದೆ ನಿಂತಿದ್ದ ಬರ್ದಾಸ್ ಹೇಳಿದ: "ಬದುಕಿದಾನಮ್ಮ. ಚೆನ್ನಾಗೇ ಬದುಕಿದಾನೆ. ಕೆಲಸಾನೂ ಸಿಕ್ಕಿದೆ."

ಪಂಕಾಲೋಗೆ ದೋಣಿ ಕಟ್ಟುವವನಾ, ಎಂದು ಕೇಳಿದ ಅಧಿಕಾರಿಯ ದನಿ ನೆನಪಾಯಿತು. ಅವರಿಗೆ ದಾರಿ ತೋರಿಸಿದವಳು ತಾನೇ. ಮಗಳಿಗೂ ಅದನ್ನು ಹೇಳಲಿಲ್ಲ.

ಮೂರು ದಿನ ಕಲ್ಲು ಬಿತ್ತು. ಮೊದಲ ದಿನ ಗೋಡೆಗೆ, ಎರಡನೆಯ ದಿನ ಗೋಡೆಯ ಹಿಂದಿನ ಮನೆಗಳಿಗೆ. ಪಂಕಾಲೋ ಬಾವಿಗೆ ಹೋದರೆ ಸಾಲಿನಲ್ಲಿದ್ದ ಹೆಂಗಸರು ಸರಿದು ದಾರಿ ಬಿಡುತ್ತಿದ್ದರು. ಮರ್ಯಾದೆಗಲ್ಲ, ಮೈ ಸೋಕದಿರಲಿ ಎಂದು. ಅವಳ ಬಾಗಿಲಿಗೆ ಯಾರೋ ಮೀನಿನ ಕರುಳು ಎಸೆದು ಹೋದರು. ಅರ್ಗೀರಿ ಮಾತ್ರ ಯಾರಿಗೂ ತಲೆ ತಗ್ಗಿಸಲಿಲ್ಲ.

"ಕುತ್ತಿಗೆಗೆ ಕತ್ತಿ ಹಿಡಿದ್ರೆ ನೀವೇನ್ ಮಾಡ್ತಿದ್ರಿ?" ಎಂದು ಬೀದಿಯಲ್ಲಿ ನಿಂತೇ ಕೇಳಿದಳು. "ನಮ್ಮಪ್ಪನ ಜಾಗದಲ್ಲಿ ನೀವಿದ್ದಿದ್ರೆ?"

"ಸಾಯ್ತಿದ್ವಿ ಕಣೇ" ಎಂದಳೊಬ್ಬಳು.

"ಹೌದೌದು. ನಿನ್ನೆ ಕಲ್ಲು ಬಿದ್ದಾಗ ಮಂಚದ ಕೆಳಗೆ ನುಗ್ಗಿದೋಳು ನೀನೇ ಅಲ್ವಾ?"

ಮೂರನೆಯ ದಿನ ಅವಳು ಊರೊಲೆಯಿಂದ ರೊಟ್ಟಿ ಬುಟ್ಟಿಯಲ್ಲಿ ತುಂಬಿಕೊಂಡು ಗೋಡೆ ಕಾಯುತ್ತಿದ್ದವರಿಗೆ ಕೊಡಲು ಹೊರಟಳು. ಬೇಡ ಅಂದರೆ, "ನಾವೇ ತಗೊಂಡು ಹೋದ್ರೆ ಬಾಯಿ ಮುಚ್ಕೋತಾರಮ್ಮ" ಎಂದಳು. ಒಲೆಮನೆಯ ಹೊಸ್ತಿಲು ದಾಟಿ ಹತ್ತು ಹೆಜ್ಜೆ ಹೋಗಿದ್ದಳೋ ಇಲ್ಲವೋ. ಕಲ್ಲು ಮೊದಲು ಸೂರಿನ ಅಂಚಿಗೆ ಬಡಿದು, ಅಲ್ಲಿಂದ ಪುಟಿದು ಬಂತು. ಪಂಕಾಲೋ ಓಡಿ ಬಂದಾಗ ರೊಟ್ಟಿಗಳು ಇನ್ನೂ ಬಿಸಿಯಾಗಿದ್ದವು. ಅರ್ಗೀರಿಯ ಮುಖಕ್ಕೆ ಏನೂ ಆಗಿರಲಿಲ್ಲ. ಎದೆಯಿಂದ ಕೆಳಗೆ ನೋಡುವಂತಿರಲಿಲ್ಲ. ತಾಯಿ ತನ್ನ ಮೇಲುಹೊದಿಕೆ ತೆಗೆದು ಹೊದಿಸಿ ಅಲ್ಲೇ ಕೂತಳು. ಇನ್ನೊಂದು ಕಲ್ಲು ಬಂದು ಪಕ್ಕದ ಮನೆಯ ಗೋಡೆ ಕುಸಿದರೂ ಏಳಲಿಲ್ಲ. ಇಬ್ಬರು ಅವಳನ್ನು ಕಂಕುಳಲ್ಲಿ ಕೈಹಾಕಿ ಎಳೆದುಕೊಂಡು ಹೋಗಬೇಕಾಯಿತು.

ಅದೇ ದಿನ ಗೋಡೆಯ ಮೇಲೆ ಬರ್ದಾಸನ ಇಬ್ಬರು ಮಕ್ಕಳೂ ಸತ್ತಿದ್ದರು. ಒಬ್ಬೊಬ್ಬರಿಗೂ ಗುಂಡಿ ತೋಡಲು ಆಳಿರಲಿಲ್ಲ. ಇಗರ್ಜಿಯ ಹಿಂದೆ ಒಂದೇ ಉದ್ದ ಗುಂಡಿಯಲ್ಲಿ ಹತ್ತೊಂಬತ್ತು ಜನರನ್ನು ಮಲಗಿಸಿದರು. ಪಾದ್ರಿ ಅವಸರವಾಗಿ ಮಂತ್ರ ಮುಗಿಸಿದ. ಬರ್ದಾಸ್ ಗುಂಡಿಯ ಆಚೆ ಬದಿ ನಿಂತಿದ್ದ. ಪಂಕಾಲೋಳನ್ನು ನೋಡಿ, "ಕೈಕೆಲಸ ನೋಡು ನಿನ್ನ ಗಂಡಂದು" ಎಂದ. ಬೈಗುಳವನ್ನು ಬೈಗುಳದ ದನಿಯಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಬರಿ ಸುಸ್ತಾದವನ ಹಾಗೆ ಹೇಳಿದ.

ನಾಲ್ಕನೆಯ ದಿನ ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ಆ ಸರೋವರದ ಗಾಳಿ ಗೊತ್ತಿದ್ದವರು ಯಾರೂ ಅಂಥ ಹೊತ್ತಿನಲ್ಲಿ ದೋಣಿ ಬಿಚ್ಚುವುದಿಲ್ಲ. ದಂಡಿನವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವನನ್ನು ಯಾರೂ ಕೇಳಿರಲಿಲ್ಲ. ಯಂತ್ರಗಳ ಭಾರಕ್ಕೆ ತೆಪ್ಪಗಳು ವಾಲಿದವು, ಒಂದಕ್ಕೊಂದು ಬಡಿದವು. ಕಬ್ಬಿಣದ ಅಂಗಿ ತೊಟ್ಟವರು ಕಲ್ಲಿನಂತೆ ಮುಳುಗಿದರು. ನಾಲ್ಕು ತೆಪ್ಪ ಹೋದವು. ಗೋಡೆಯ ಮೇಲೆ ಜನ ಕುಣಿದರು, ಇಗರ್ಜಿಯ ಮುಂದೆ ಅಡ್ಡಬಿದ್ದರು.

ಗಾಳಿ ಇಳಿದ ಮೇಲೆ ಹೆಣಗಳು ದ್ವೀಪದ ದಡಕ್ಕೆ ಬಂದು ತಾಗತೊಡಗಿದವು. ಪಂಕಾಲೋ ಒಬ್ಬಳೇ ಕೆಳಗಿಳಿದು ಹೋದಳು. ಒಂದೊಂದರ ಭುಜ ಹಿಡಿದು ಮಗುಚಿ ಮುಖ ನೋಡಿದಳು. ಗಡ್ಡದವರು, ಮೀಸೆ ಚಿಗುರಿದವರು, ಕತ್ತಿನಲ್ಲಿ ಅವಳ ಕತ್ತಿನಲ್ಲಿರುವಂಥದ್ದೇ ಪುಟ್ಟ ಶಿಲುಬೆಯಿದ್ದವರು. ಒಂದು ದೊಡ್ಡ ದಿಮ್ಮಿಯ ತುಂಡು ತೇಲಿ ಬಂದಿತ್ತು. ಅದರ ಹಗ್ಗ ಇನ್ನೂ ಬಿಟ್ಟಿರಲಿಲ್ಲ, ಮರವೇ ಮುರಿದಿತ್ತು. ಹೊಸೆತ ಎಡಗಡೆಗೆ ತಿರುಗಿತ್ತು, ಎಡಚನ ಕೈಯದು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಗಂಡ ಈ ಹೆಣಗಳಲ್ಲಿ ಸಿಗಬಾರದು ಎಂದು ಬೇಡಿಕೊಂಡಳು. ಮರುಕ್ಷಣ, ಸಿಕ್ಕಿಬಿಡಲಿ, ಮಗಳ ವಿಷಯ ಹೇಳುವ ಕೆಲಸ ನನಗೆ ತಪ್ಪಲಿ ಎಂದು ಬೇಡಿಕೊಂಡಳು. ಕತ್ತಲಾಗುವವರೆಗೆ ಅರವತ್ತಕ್ಕೂ ಹೆಚ್ಚು ಮುಖ ನೋಡಿದಳು. ತರಾಸಿ ಇರಲಿಲ್ಲ.

ಹತ್ತು ದಿನ ಬಿಟ್ಟು ಹೊಸ ತೆಪ್ಪಗಳು ಬಂದವು. ಈ ಸಲ ಇನ್ನೂ ಅಗಲ, ಇನ್ನೂ ಭದ್ರ. ದ್ವೀಪದಲ್ಲಿ ಹಿಟ್ಟು ಮುಗಿದಿತ್ತು. ಇಕೋನಿಯದಿಂದ ತುರ್ಕರ ಸಹಾಯ ಬರುತ್ತದೆ ಎಂದು ಕಾದವರು ಕಾಯುತ್ತಲೇ ಇದ್ದರು. ಗೋಡೆ ಎರಡು ಕಡೆ ಬಿದ್ದ ದಿನ ಬರ್ದಾಸನೇ ಹೋಗಿ ಬಾಗಿಲು ತೆಗೆಸಿದ. ಯಾರನ್ನೂ ಕೊಲ್ಲಲಿಲ್ಲ. ಉಟ್ಟ ಬಟ್ಟೆಯಲ್ಲಿ ದೋಣಿ ಹತ್ತಿಸಿ ದಡಕ್ಕೆ ಸಾಗಿಸಿದರು. ದ್ವೀಪ ಖಾಲಿಯಾಗಬೇಕೆಂದು ಅಪ್ಪಣೆಯಾಗಿತ್ತು.

ದಡದಲ್ಲಿ ತರಾಸಿ ನಿಂತಿದ್ದ. ಮುಖ ಬತ್ತಿಹೋಗಿತ್ತು, ಅಂಗೈ ತುಂಬ ಹಗ್ಗದ ಗಾಯ. ಇಳಿಯುವವರು ಒಬ್ಬೊಬ್ಬರೂ ಅವನನ್ನು ನೋಡಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಅವನು ಯಾರನ್ನೂ ಗಮನಿಸದೆ ದೋಣಿಗಳನ್ನೇ ನೋಡುತ್ತಿದ್ದ. ಪಂಕಾಲೋ ಇಳಿದಳು. ಅವನು ಅವಳ ಹಿಂದೆ ನೋಡಿದ. ಮುಂದಿನ ದೋಣಿ ನೋಡಿದ.

"ಅರ್ಗೀರಿ ಎಲ್ಲಿ?"

"ಹೋದಳು" ಎಂದಳು ಪಂಕಾಲೋ. ಅವನ ಗಾಯದ ಕೈ ಕಾಣುತ್ತಿತ್ತು. "ಜ್ವರ ಬಂತು. ಎರಡೇ ದಿನ."

ಅವನು ಮರಳಿನ ಮೇಲೆ ಕೂತ. ತನ್ನಷ್ಟಕ್ಕೆ ಮಾತಾಡಿಕೊಳ್ಳುವವನ ಹಾಗೆ ಹೇಳಿದ:

"ದಾರೀಲೇ ಹಿಡಿದ್ರು. ದೋಣಿ ಕಟ್ಟೋ ಎಡಚ ನೀನೇನಾ ಅಂದ್ರು. ಯಾರು ಹೇಳಿದ್ರೋ. ಬೇಗ ಕಟ್ಟಿಕೊಟ್ರೆ ಬೇಗ ಮುಗಿಯುತ್ತೆ, ಗೋಡೆಗೆ ಬಿಟ್ಟು ಬೇರೆ ಎಲ್ಲಿಗೂ ಹೊಡೆಯಲ್ಲ ಅಂತ ಅವರ ಅಧಿಕಾರಿ ಶಿಲುಬೆ ಮುಟ್ಟಿ ಆಣೆ ಮಾಡಿದ. ನಂಬಿದೆ. ಕೆಟ್ಟದಾಗಿ ಕಟ್ಟೋಣ ಅಂತಾನೂ ನೋಡ್ದೆ ಪಂಕಾಲೋ. ಕೈ ಬರಲಿಲ್ಲ."

ಎಲ್ಲರನ್ನೂ ಪಡುವಣಕ್ಕೆ, ಚಕ್ರವರ್ತಿಯ ಸೀಮೆಯ ಕಡೆಗೆ, ಹದಿನೆಂಟು ದಿನ ನಡೆಸಿದರು. ದ್ವೀಪದವರು ತರಾಸಿಯನ್ನು ಸಾಲಿನ ಕೊನೆಗೆ ಬಿಟ್ಟು, ಅವನಿಗೂ ತಮಗೂ ನಡುವೆ ಇಪ್ಪತ್ತು ಹೆಜ್ಜೆ ಇಟ್ಟುಕೊಂಡು ನಡೆದರು. ಪಂಕಾಲೋಗೆ ಆ ಹದಿನೆಂಟು ದಿನವೂ ಒಂದೇ ಭಯ. ಸಾಲಿನಲ್ಲಿದ್ದ ಪ್ರತಿಯೊಂದು ಬಾಯಿಗೂ ನಿಜ ಗೊತ್ತಿತ್ತು.

ಆರನೆಯ ದಿನ ಒಂದು ಹಳ್ಳದ ಬಳಿ ನೀರು ಕುಡಿಯಲು ನಿಲ್ಲಿಸಿದಾಗ ಬರ್ದಾಸ್ ಕೋಲೂರಿಕೊಂಡು ಹಿಂದಕ್ಕೆ ನಡೆದು ಬಂದ. ಮಾತು ಆಡಲೆಂದೇ ಬರುತ್ತಿದ್ದಾನೆ ಎಂದು ಅವನ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಪಂಕಾಲೋ ಅಡ್ಡ ಹೋದಳು.

"ಬರ್ದಾಸಜ್ಜ, ನಿಮ್ಮ ಕಾಲಿಗೆ ಬೀಳ್ತೀನಿ."

"ದಾರಿ ಬಿಡಮ್ಮ."

ತರಾಸಿ ಎದ್ದು ನಿಂತ. ಮುದುಕ ಅವನ ಮುಖವನ್ನು ಬಹಳ ಹೊತ್ತು ನೋಡಿದ. 

"ನನ್ನ ಇಬ್ಬರು ಮಕ್ಕಳೂ ಹೋದ್ರು ಗೊತ್ತೇನೋ?"

"ಗೊತ್ತಜ್ಜ. ಹೊಡೆಯೋದಾದ್ರೆ ಹೊಡಿ. ನಾನು ಕೈ ಎತ್ತಲ್ಲ." ಆಮೇಲೆ ತರಾಸಿ ಕೇಳಿದ: "ನನ್ನ ಮಗಳು ಸಾಯೋವಾಗ ನೀವೆಲ್ಲ ಇದ್ರಾ? ಜ್ವರದಲ್ಲಿ ತುಂಬ ನರಳಿದಳಾ?"

ಪಂಕಾಲೋ ಕಣ್ಣು ಮುಚ್ಚಿಕೊಂಡಳು. ಹಳ್ಳದ ಬಳಿ ಕೂತಿದ್ದವರೆಲ್ಲ ಇತ್ತಲೇ ನೋಡುತ್ತಿದ್ದರು.

"ಜ್ವರ" ಎಂದ ಬರ್ದಾಸ್.  "ನರಳಲಿಲ್ಲ. ನಿದ್ದೇಲೇ ಹೋದಳು." ಕೋಲು ತಿರುಗಿಸಿಕೊಂಡು ಬಂದ ಹಾಗೇ ಹೊರಟುಹೋದ. ಅವನು ಹಾಗೆ ಹೇಳಿದ ಮೇಲೆ ಬೇರೆ ಯಾರೂ ಬಾಯಿ ಬಿಡಲಿಲ್ಲ. ತರಾಸಿಯ ಜೊತೆ ಮಾತು ಮಾತ್ರ ಯಾರೂ ಆಡಲಿಲ್ಲ.

ಅವರನ್ನು ಇಳಿಸಿದ್ದು ಒಂದು ಬೋಳು ಬಯಲಿನ ಹಳ್ಳಿಯಲ್ಲಿ. ನೀರೆಂದರೆ ಒಂದು ಬಾವಿ. ತರಾಸಿ ಗಾಡಿಯ ಚಕ್ರ ರಿಪೇರಿ ಮಾಡಿದ, ಪಂಕಾಲೋ ಕಂಡವರ ಹೊಲದಲ್ಲಿ ಕಳೆ ಕಿತ್ತಳು. ಅವನು ಮೊದಲಿಗಿಂತ ಹೆಚ್ಚು ಮಾತಾಡತೊಡಗಿದ, ಎಲ್ಲವೂ ಮಗಳ ವಿಷಯ. ಜ್ವರ ಬೆಳಿಗ್ಗೆ ಬಂತಾ, ಸಂಜೆ ಬಂತಾ? ನೀರು ಕೇಳಿದಳಾ? ನನ್ನನ್ನ ಕೇಳಿದಳಾ? ಪಂಕಾಲೋ ಒಂದು ಸಲ ಹೇಳಿದ್ದನ್ನು ನೆನಪಿಟ್ಟುಕೊಂಡು ಹಾಗೇ ಮತ್ತೆ ಹೇಳಬೇಕಿತ್ತು. ಹೇಳುತ್ತ ಹೇಳುತ್ತ ಇಲ್ಲದ ಆ ಜ್ವರವನ್ನು ಅವಳೇ ಕಂಡಂತಾಗುತ್ತಿತ್ತು. ಒದ್ದೆ ಬಟ್ಟೆ, ಒಣಗಿದ ತುಟಿ. ನಿಜವಾದ ಅರ್ಗೀರಿ, ಬುಟ್ಟಿ ಹೊತ್ತು ಬೀದಿಗಿಳಿದ ಆ ಹುಡುಗಿ, ತನಗಾಗಿ ಅಳುವವರೇ ಇಲ್ಲದವಳಾಗಿ ಉಳಿದಳು.

ಮರುವರ್ಷ ಈಸ್ಟರ್ ಕಳೆದ ಮೇಲೆ ಸುದ್ದಿ ಬಂತು. ಚಕ್ರವರ್ತಿ ಬೇಟೆಯಲ್ಲಿ ಗಾಯವಾಗಿ ಸತ್ತನಂತೆ. ಹಳ್ಳಿಯಲ್ಲಿ ಇವರನ್ನು ಕಾಯುತ್ತಿದ್ದ ಕಾವಲಿನವರು ತಮ್ಮ ಸಂಬಳದ ಚಿಂತೆಯಲ್ಲಿದ್ದರು, ತಡೆಯುವವರಿರಲಿಲ್ಲ. ದ್ವೀಪದ ಕೆಲವು ಮನೆಯವರು ಗಂಟು ಕಟ್ಟಿದರು.

"ಹೋಗೋಣ" ಎಂದ ತರಾಸಿ. "ಅವಳ ಸಮಾಧಿ ನೋಡ್ಬೇಕು. ಒಂದು ಕಲ್ಲು ನಿಲ್ಲಿಸ್ಬೇಕು."

ಪಂಕಾಲೋ ಕಾಲುನೋವು ಅಂದಳು, ಸುಗ್ಗಿ ಮುಗಿಯಲಿ ಅಂದಳು, ದಾರಿಯಲ್ಲಿ ಕಳ್ಳರು ಅಂದಳು. ಸುಗ್ಗಿ ಮುಗಿಯಿತು. ಹೊರಟರು.

ಹದಿಮೂರನೆಯ ದಿನ ದೂರದಲ್ಲಿ ಸರೋವರದ ಬೆಟ್ಟಗಳು ಕಂಡವು. ನಡುಹಗಲು. ಒಂದು ಒರತೆಯ ಬಳಿ ತರಾಸಿ ರೊಟ್ಟಿ ಮುರಿದು ಅವಳಿಗೆ ಕೊಟ್ಟ. ಅವಳು ತೆಗೆದುಕೊಳ್ಳಲಿಲ್ಲ.

"ಸಮಾಧಿ ಇಲ್ಲ" ಎಂದಳು. "ಹತ್ತೊಂಬತ್ತು ಜನಕ್ಕೆ ಒಂದೇ ಗುಂಡಿ. ಜ್ವರ ಬಂದಿರಲಿಲ್ಲ. ಕಲ್ಲು ಬಿತ್ತು."

ಅವನ ಕೈಯಲ್ಲಿ ರೊಟ್ಟಿ ಹಾಗೇ ಇತ್ತು.

"ಇನ್ನೊಂದಿದೆ, ಕೇಳು. ದೋಣಿ ಕಟ್ಟೋನು ಅಂತ ಹೇಳಿದೋಳು ನಾನು. ನಿನ್ನ ಬಿಡ್ತಾರೆ ಅಂದ್ಕೊಂಡು ಹೇಳ್ದೆ."

ಅವನು ರೊಟ್ಟಿಯನ್ನು ಬಟ್ಟೆಗೆ ಸುತ್ತಿ ಗಂಟಿಗೆ ಸೇರಿಸಿದ. ಜೊತೆಯವರು ಮುಂದೆ ಹೋಗಿಬಿಟ್ಟರು.

"ಯಾವ ದಿನ?"

"ಮೂರನೇ ದಿನ."

"ಮೂರನೇ ದಿನ" ಎಂದ. "ಗಾಳಿ ಎದ್ದಿದ್ದು ಮಾರನೇ ದಿನ." ಆಮೇಲೆ ಅವನು ಅತ್ತ ಅಳುವನ್ನು ಪಂಕಾಲೋ ಇಪ್ಪತ್ತು ವರ್ಷದ ಸಂಸಾರದಲ್ಲಿ ಕೇಳಿರಲಿಲ್ಲ. ಹಣೆಯನ್ನು ನೆಲಕ್ಕೆ ಬಡಿದುಕೊಂಡ. ಅವಳು ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ತಳ್ಳಿದ. ಮತ್ತೆ ಎಳೆದುಕೊಂಡಳು. ವರ್ಷದಿಂದ ತಡೆದಿದ್ದನ್ನೆಲ್ಲ ಅವಳೂ ಅತ್ತಳು. ಬಿಸಿ ರೊಟ್ಟಿ, ಬುಟ್ಟಿ, ಬೀದಿಯಲ್ಲಿ ಮಗಳು ಆಡಿದ ಮಾತು ಎಲ್ಲ ಹೇಳಿದಳು. ಮಂಚದ ಕೆಳಗಿನ ಮಾತು ಕೇಳಿದಾಗ ಅವನ ಅಳುವಿನೊಳಗೆ ಒಂದು ಕ್ಷಣ ನಗುವಿನಂಥದ್ದು ಬಂದು ಹೋಯಿತು.

ಸಂಜೆಗೆ ಅವನು ಹೇಳಿದ: "ನೀನು ಹೇಳದಿದ್ರೂ ಹಿಡೀತಿದ್ರು. ಚೀಲದ ತುಂಬ ರಾಳ ಇತ್ತಲ್ಲ."

ಎಡಚ ನೀನೇನಾ ಎಂದು ಕೇಳಿಕೊಂಡು ಬಂದಿದ್ದರೆಂದು ಅವನೇ ಹಿಂದೆ ಹೇಳಿದ್ದ. ಅವಳು ಅದನ್ನು ನೆನಪಿಸಲಿಲ್ಲ.

ಸರೋವರ ತಲುಪಿದ ಮೇಲೆ ತರಾಸಿ ದೋಣಿ ಹತ್ತಲಿಲ್ಲ. ಪಂಕಾಲೋ ಬೇರೆಯವರ ಜೊತೆ ದಾಟಿ ಹೋಗಿ, ಹುಲ್ಲು ಬೆಳೆದ ಉದ್ದ ಗುಂಡಿಯ ಪಕ್ಕ ಮೊಂಬತ್ತಿ ಹಚ್ಚಿ ಬಂದಳು. ಅವನು ದಡದಲ್ಲಿ ಬೆನ್ನು ಮಾಡಿ ಕೂತಿದ್ದ. ಕುರಿಗಾರ ಯಾಗ್ಮುರ್ ಬಂದು ಇಬ್ಬರನ್ನೂ ತಬ್ಬಿಕೊಂಡ. ತನ್ನ ಕಡೆಯವರು ಸಹಾಯಕ್ಕೆ ಬರಲಿಲ್ಲವೆಂಬ ನಾಚಿಕೆ ಅವನಿಗಿತ್ತು. ಇರಲು ಒಂದು ಕೊಟ್ಟಿಗೆ ಬಿಡಿಸಿಕೊಟ್ಟ.

ಅವರು ಅಲ್ಲೇ ಉಳಿದರು. ಬರ್ದಾಸ್ ಮರಳುವ ದಾರಿಯಲ್ಲೇ ತೀರಿಕೊಂಡಿದ್ದ. ಉಳಿದ ದ್ವೀಪದವರು ಒಡೆದ ಗೋಡೆಗಳೊಳಗೆ ಮತ್ತೆ ಒಲೆ ಹಚ್ಚಿದರು, ಹಳೆಯ ದೋಣಿಗಳನ್ನು ಹೇಗೋ ತೇಪೆ ಹಾಕಿ ನಡೆಸಿದರು. ಅವರಲ್ಲಿ ಕೆಲವರು ಕೊನೆಗೂ ತರಾಸಿಯ ಮುಖ ನೋಡಲಿಲ್ಲ. ಕೆಲವರು ಬಂದು ದೋಣಿ ಕಟ್ಟಿಕೊಡು ಎಂದು ಕೇಳಿದರು. ಅವನು ತಲೆಯಾಡಿಸಿ ನೇಗಿಲ ಕೆಲಸಕ್ಕೆ ಹೋಗುತ್ತಿದ್ದ. ಇನ್ನೂ ಒಂಬತ್ತು ವರ್ಷ ಬದುಕಿದ. ಆ ಒಂಬತ್ತು ವರ್ಷವೂ ಪಂಕಾಲೋ ಈಸ್ಟರಿಗೊಮ್ಮೆ, ಮಗಳು ಸತ್ತ ದಿನಕ್ಕೊಮ್ಮೆ ದ್ವೀಪಕ್ಕೆ ಹೋಗಿಬರುತ್ತಿದ್ದಳು. ಅವಳ ದೋಣಿ ಬರುವುದು ಕಂಡ ಕೂಡಲೇ ಅವನು ಎದ್ದು ಒಲೆಗೆ ಬೆಂಕಿ ಮಾಡುತ್ತಿದ್ದ. ಅವಳು ಒಳಗೆ ಬಂದರೆ ಏನನ್ನೂ ಕೇಳುತ್ತಿರಲಿಲ್ಲ. ಬಟ್ಟಲು ಮುಂದಿಟ್ಟು, "ಗಾಳಿ ಜೋರಿತ್ತಾ?" ಎನ್ನುತ್ತಿದ್ದ.

"ಇರಲಿಲ್ಲ" ಎನ್ನುತ್ತಿದ್ದಳು. ಇಬ್ಬರೂ ಊಟಕ್ಕೆ ಕೂರುತ್ತಿದ್ದರು.